‘ಲೂರಿಡ್’ ಎಂಬ ಇಂಗ್ಲಿಷ್ ವಿಶೇಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪತ್ರಿಕೆಗಳನ್ನು ಓದುವವರು, ಇಂಗ್ಲಿಷಿನ ಸುದ್ದಿಯನ್ನು ಕನ್ನಡಕ್ಕೆ ತರುವ ಡೆಸ್ಕಿನವರು, ಪರೀಕ್ಷೆಗಾಗಿ ಪದಗಳನ್ನು ಕೂಡಿಸಿಕೊಳ್ಳುವ ವಿದ್ಯಾರ್ಥಿಗಳು ಈ ಪದದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬರೆಯುತ್ತಿರುವವನು ಹಲವು ವರ್ಷ ಅನುವಾದದ ಕೆಲಸ ಮಾಡಿದವನು. ಈ ಪದವನ್ನು ತಪ್ಪಾಗಿ ಕನ್ನಡಿಸಿ ಬೈಸಿಕೊಂಡ ಅನುಭವವೂ ಉಂಟು.

‘ಲೂರಿಡ್’ ಎಂದರೆ ಏನು?

ಇಂದಿನ ಇಂಗ್ಲಿಷಿನಲ್ಲಿ ಈ ವಿಶೇಷಣಕ್ಕೆ ಎರಡು ಮುಖ್ಯ ಅರ್ಥಗಳಿವೆ. ಕೊಲೆ, ಅಪಘಾತ, ವ್ಯಭಿಚಾರ, ಹಗರಣ ಮುಂತಾದವನ್ನು ಓದುಗನು ಬೆಚ್ಚಿಬೀಳುವಂತೆ, ಬೆಚ್ಚಿಬಿದ್ದರೂ ಕಣ್ಣು ಕೀಳಲಾಗದಂತೆ, ಬೇಕೆಂದೇ ಗಾಢವಾಗಿ ಬಣ್ಣಿಸಿದ್ದು ಎಂಬುದು ಒಂದು ಅರ್ಥ. ಕಣ್ಣಿಗೆ ರಾಚುವಷ್ಟು ಢಾಳಾದ, ಸಹಜವಲ್ಲದ ಬಣ್ಣ ಅಥವಾ ಬೆಳಕು ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಬೇರೆ ಬೇರೆ ಎನಿಸಿದರೂ ಮೊದಲನೆಯದು ಹುಟ್ಟಿದ್ದು ಎರಡನೆಯದರಿಂದಲೇ. ಈ ಪದದ ಮೂಲದಲ್ಲಿ ಭಯವೂ ಇಲ್ಲ, ರಕ್ತವೂ ಇಲ್ಲ. ಇರುವುದು ಬಣ್ಣ ಮಾತ್ರ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಪದದ ಬಳಕೆಯಲ್ಲಿ ಆಗುವ ಮುಕ್ಕಾಲು ಪಾಲು ತಪ್ಪುಗಳು ತಾವಾಗಿ ದೂರವಾಗುತ್ತವೆ.

ಇದನ್ನು ಹೇಗೆ ಉಚ್ಚರಿಸಬೇಕು?

ಎಲ್, ಯು, ಆರ್, ಐ, ಡಿ ಎಂಬ ಐದು ಅಕ್ಷರಗಳ ಪದವಿದು. ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ. ಬ್ರಿಟನ್ನಿನಲ್ಲಿ ‘ಲ್ಯೂರಿಡ್’ ಎಂದೂ ‘ಲೂರಿಡ್’ ಎಂದೂ ಕೇಳಿಬರುತ್ತದೆ. ಅಮೆರಿಕದವರು ಯಕಾರವಿಲ್ಲದೆ ‘ಲುರಿಡ್’ ಎಂದು ಮೊಟಕಾಗಿ ನುಡಿಯುತ್ತಾರೆ. ಕ್ರಿಯಾವಿಶೇಷಣ ‘ಲೂರಿಡ್ಲಿ’, ಭಾವನಾಮ ‘ಲೂರಿಡ್‌ನೆಸ್’. ಎರಡನೆಯದನ್ನು ಬರೆಯುವವರು ಕಡಿಮೆ.

ಪದ ಎಲ್ಲಿಂದ ಬಂದಿದೆ?

ಲ್ಯಾಟಿನ್ ಭಾಷೆಯ ‘ಲೂರಿಡುಸ್’ ಎಂಬ ವಿಶೇಷಣದಿಂದ ಬಂದಿದೆ. ಬಿಳಿಚಿದ ಹಳದಿ, ರಕ್ತವಿಲ್ಲದವರ ಮೈಬಣ್ಣ, ಕಳೆಗುಂದಿದ ಪೀತವರ್ಣ ಎಂಬುದು ಅದರ ಅರ್ಥ. ರೋಮನ್ ಕವಿ ಹೊರೇಸ್ ವಯಸ್ಸಾದ ಒಬ್ಬ ಹೆಂಗಸಿನ ಹಳದಿಗಟ್ಟಿದ ಹಲ್ಲುಗಳಿಗೆ ಈ ಮಾತನ್ನು ಬಳಸಿದ್ದಾನೆ. ಓವಿಡ್ ಮಲತಾಯಂದಿರು ಬೆರೆಸುವ ವಿಷಕ್ಕೆ, ಅಂದರೆ ನಮ್ಮಲ್ಲಿ ವತ್ಸನಾಭಿ ಎಂದು ಕರೆಯುವ ಗಿಡದ ಬಳಗದ ವಿಷಕ್ಕೆ, ಇದೇ ವಿಶೇಷಣವನ್ನು ಅಂಟಿಸಿದ್ದಾನೆ. ಹಲ್ಲು ನಿಜವಾಗಿಯೂ ಹಳದಿ. ವಿಷದ ವಿಚಾರ ಹಾಗಲ್ಲ: ಅದರ ಬಣ್ಣವನ್ನು ಹೇಳುವುದಕ್ಕಿಂತ, ಅದನ್ನು ಕುಡಿದವನ ಮುಖ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದೇ ಅಲ್ಲಿ ಓದುಗನ ಕಣ್ಣ ಮುಂದೆ ಬರುತ್ತದೆ. ಬಣ್ಣದ ಪದವೊಂದು ಭಯದ ಕಡೆಗೆ ವಾಲಲು ಶುರುವಾದದ್ದು ಅಷ್ಟು ಹಿಂದೆಯೇ ಎಂದು ನನ್ನ ಎಣಿಕೆ.

ಇಂಗ್ಲಿಷಿಗೆ ಈ ಪದ 17ನೆಯ ಶತಮಾನದಲ್ಲಿ ಬಂತು. ಆಗಲೂ ಅರ್ಥ ಬಿಳಿಚಿದ, ನಿಸ್ತೇಜವಾದ ಎಂದೇ ಇತ್ತು.

ಕಾಮಾಲೆಗೂ ಈ ಪದಕ್ಕೂ ಸಂಬಂಧವಿದೆ ಎನ್ನುತ್ತಾರೆ, ನಿಜವೇ?

ನಿಜ, ಮತ್ತು ಕನ್ನಡಿಗರಿಗೆ ಈ ಸಂಬಂಧ ವಿಶೇಷವಾಗಿ ರುಚಿಸಬೇಕು. ಕ್ರಿಸ್ತಪೂರ್ವ 1ನೆಯ ಶತಮಾನದ ರೋಮನ್ ಕವಿ ಲುಕ್ರೀಶಿಯಸ್ ತನ್ನ ತಾತ್ವಿಕ ಕಾವ್ಯದ ನಾಲ್ಕನೆಯ ಭಾಗದಲ್ಲಿ ದೃಷ್ಟಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತಾ, ಕಾಮಾಲೆ ಹತ್ತಿದವರು ನೋಡಿದ್ದೆಲ್ಲವೂ ‘ಲೂರಿಡ್’ ಆಗುತ್ತದೆ ಎಂದು ಹೇಳುತ್ತಾನೆ. ರೋಗಿಯ ದೇಹದಿಂದ ಹಳದಿಯ ಕಣಗಳು ಹೊರಟು ಎದುರಿನ ವಸ್ತುಗಳ ಬಿಂಬಗಳನ್ನು ಸೇರುತ್ತವೆ, ಕಣ್ಣಿನೊಳಗೂ ಅವೇ ಬೆರೆತಿರುತ್ತವೆ, ಆದ್ದರಿಂದ ಎಲ್ಲಕ್ಕೂ ಅದೇ ಬಣ್ಣ ಬಳಿದಂತಾಗುತ್ತದೆ ಎಂಬುದು ಅವನ ವಾದ. ಶರೀರಶಾಸ್ತ್ರದ ದೃಷ್ಟಿಯಿಂದ ಅದು ತಪ್ಪು. ಆದರೆ ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ’ ಎಂದು ನಮ್ಮ ಹಳ್ಳಿಗಳಲ್ಲಿ ಆಡುವ ಗಾದೆಯೂ ರೋಮಿನ ಆ ಸಾಲೂ ಒಂದರ ಪಕ್ಕ ಒಂದು ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಆ ಸಾಲಿನಲ್ಲಿ ಇಂದಿನ ಅರ್ಥದ ಬೀಜವೂ ಇದೆ. ಹಳದಿ ಇರುವುದು ವಸ್ತುವಿನಲ್ಲಿ ಅಲ್ಲ, ನೋಡುವವನಲ್ಲಿ. ಈ ಮಾತಿಗೆ ಕೆಳಗೆ ಮತ್ತೆ ಬರುತ್ತೇನೆ.

ಬಿಳಿಚಿದ ಹಳದಿ ಎಂಬ ಅರ್ಥ ಬೆಂಕಿಯ ಕೆಂಪಿಗೆ ಹೇಗೆ ತಿರುಗಿತು?

ನಡುವೆ ಹೊಗೆಯ ಪರದೆ ಇತ್ತು. 18ನೆಯ ಶತಮಾನದ ಹೊತ್ತಿಗೆ ಇಂಗ್ಲಿಷ್ ಬರಹಗಾರರು ಹೊಗೆಯ ಅಥವಾ ಮೋಡದ ಮರೆಯಿಂದ ತೋರುವ ಬೆಂಕಿಯ ಮಸುಕು ಬೆಳಕಿಗೆ, ಬಿರುಗಾಳಿಗೆ ಮುಂಚೆ ಆಕಾಶಕ್ಕೆ ಏರುವ ಮಲಿನ ಹಳದಿಗೆ ಈ ಪದವನ್ನು ಬಳಸತೊಡಗಿದ್ದರು. ಕಬ್ಬಿನ ಸೀಮೆಯಲ್ಲಿ ಕಟಾವಾದ ಮೇಲೆ ರಾತ್ರಿ ಹೊತ್ತು ರವದಿಗೆ ಬೆಂಕಿ ಇಟ್ಟಾಗ ಒಂದು ಮೈಲಿ ದೂರದಿಂದ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಜ್ವಾಲೆ ಕಾಣುವುದಿಲ್ಲ. ಹೊಗೆಯ ಕೆಳಹೊಟ್ಟೆ ಮಾತ್ರ ಒಳಗಿನಿಂದ ಬೆಳಗಿದಂತೆ ಕೆಂಪು-ಹಳದಿಯಾಗಿ ಉಬ್ಬುತ್ತಾ ತಗ್ಗುತ್ತಾ ಇರುತ್ತದೆ. ಅದರ ಬೆಳಕಿನಲ್ಲಿ ಬದುವಿನ ಮೇಲಿನ ಜಾಲಿಗಿಡವೂ, ಅಲ್ಲಿ ಗುದ್ದಲಿ ಹಿಡಿದು ನಿಂತ ಮನುಷ್ಯನೂ ತಮ್ಮ ನಿಜವಾದ ಬಣ್ಣ ಕಳೆದುಕೊಂಡು ಬೇರೆ ಯಾರೋ ಎಂಬಂತೆ ತೋರುತ್ತಾರೆ. ಆ ಬೆಳಕು ‘ಲೂರಿಡ್ ಲೈಟ್’.

ಇಡೀ ಜಗತ್ತೇ ಕಂಡ ಅಂಥ ಆಕಾಶವೊಂದಿದೆ. 1883ರ ಆಗಸ್ಟ್ ಕೊನೆಯಲ್ಲಿ ಈಗಿನ ಇಂಡೊನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದು ಅದರ ಧೂಳು ಮತ್ತು ಅನಿಲ ವಾತಾವರಣದ ಮೇಲ್ಪದರಕ್ಕೆ ಏರಿದ ನಂತರ, ತಿಂಗಳುಗಟ್ಟಲೆ ಖಂಡಖಂಡಗಳ ಮೇಲೆ ಸಂಜೆಗಳು ಉರಿಯುತ್ತಿರುವಂತೆ ಕಾಣುತ್ತಿದ್ದವು. ದಕ್ಷಿಣ ಭಾರತದಲ್ಲೂ ಸಿಂಹಳದಲ್ಲೂ ಆ ಸೆಪ್ಟೆಂಬರಿನಲ್ಲಿ ಜನ ಹಸಿರು ಸೂರ್ಯನನ್ನು ನೋಡಿದರು. ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಪಕೀಪ್ಸಿ ಪಟ್ಟಣದಲ್ಲಿ, ದಿಗಂತದ ಕೆಂಪನ್ನು ಬೆಂಕಿ ಅನಾಹುತವೆಂದೇ ನಂಬಿ ಅಗ್ನಿಶಾಮಕ ಬಂಡಿಗಳನ್ನು ಹೊರಡಿಸಿದ್ದರು. ಉರಿಯುತ್ತಿರುವುದು ಏನೂ ಇಲ್ಲದಿದ್ದರೂ ಉರಿಯುತ್ತಿದೆ ಎನಿಸುವ ಆ ಬೆಳಕಿಗೆ ಇದಕ್ಕಿಂತ ಒಪ್ಪುವ ಇಂಗ್ಲಿಷ್ ವಿಶೇಷಣ ನನಗೆ ತಿಳಿದಿಲ್ಲ.

ಹಾಗಾದರೆ ‘ಬೆಚ್ಚಿಬೀಳಿಸುವ’ ಎಂಬ ಇಂದಿನ ಅರ್ಥ ಯಾವಾಗ ಬಂತು?

19ನೆಯ ಶತಮಾನದ ಮಧ್ಯಭಾಗದಲ್ಲಿ. ಅದು ಇಂಗ್ಲೆಂಡಿನಲ್ಲಿ ಅಗ್ಗದ ಮುದ್ರಣ ಹಬ್ಬುತ್ತಿದ್ದ ಕಾಲ. 1830ರ ದಶಕದಿಂದಲೇ ವಾರಕ್ಕೊಂದು ಕಂತಿನಂತೆ, ಕಂತಿಗೆ ಒಂದು ಪೆನ್ನಿಯಂತೆ ಮಾರಾಟವಾಗುತ್ತಿದ್ದ, ದರೋಡೆಕೋರರು, ರಕ್ತಪಿಶಾಚಿಗಳು, ಕೊಲೆಗಡುಕರು ತುಂಬಿದ ಕಥೆಗಳು ದುಡಿಯುವ ವರ್ಗದ ಹುಡುಗರ ಕೈಯಲ್ಲಿ ಓಡಾಡುತ್ತಿದ್ದವು. ಅವುಗಳಿಗೆ ‘ಪೆನ್ನಿ ಡ್ರೆಡ್‌ಫುಲ್’ ಎಂಬ ಹೆಸರೇ ಬಿತ್ತು. 1864ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಇಲಸ್ಟ್ರೇಟೆಡ್ ಪೊಲೀಸ್ ನ್ಯೂಸ್’ ಎಂಬ ವಾರಪತ್ರಿಕೆ ಅಪರಾಧಗಳನ್ನು ಚಿತ್ರಸಮೇತ ಮುಖಪುಟಕ್ಕೆ ತಂದಿತು. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಬಡ ಹೆಂಗಸರ ಕೊಲೆಗಳಾದಾಗ, ಪತ್ರಿಕೆಗಳು ಆ ದೇಹಗಳಿಗೆ ಆದ ಗಾಯಗಳನ್ನು ಎಷ್ಟು ವಿವರವಾಗಿ, ಎಷ್ಟು ಬಾರಿ ಬರೆದವೆಂದರೆ ಸತ್ತವರ ಹೆಸರು ಮರೆತುಹೋಗಿ, ಸಿಕ್ಕಿಬೀಳದ ಕೊಲೆಗಾರನಿಗೆ ಕೊಟ್ಟ ಅಡ್ಡಹೆಸರು ಮಾತ್ರ ಉಳಿಯಿತು. ಇಂಥ ಬರಹವನ್ನು ಟೀಕಿಸುವವರಿಗೆ ಒಂದು ಪದ ಬೇಕಿತ್ತು. ಹೊಗೆಯೊಳಗಿನಿಂದ ಬೆಂಕಿಯ ಬಣ್ಣ ಬಳಿಯುವ ‘ಲೂರಿಡ್’ ಅವರ ಕೈಗೆ ಸಿಕ್ಕಿತು.

‘ಪೀತ ಪತ್ರಿಕೋದ್ಯಮ’ ಎಂಬ ಮಾತು ಈ ಪದದ ಹಳದಿಯಿಂದಲೇ ಬಂದಿದೆಯೇ?

ಇಲ್ಲ. ಎರಡರಲ್ಲೂ ಹಳದಿ ಇರುವುದು ಕಾಕತಾಳೀಯ. 1895ರಲ್ಲಿ ರಿಚರ್ಡ್ ಔಟ್‌ಕಾಲ್ಟ್ ಎಂಬ ಚಿತ್ರಕಾರ ಜೋಸೆಫ್ ಪುಲಿಟ್ಜರ್ ಅವರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬರೆಯುತ್ತಿದ್ದ ವ್ಯಂಗ್ಯಚಿತ್ರದ ಬೋಳುತಲೆ ಹುಡುಗನೊಬ್ಬ ಹಳದಿ ನಿಲುವಂಗಿ ತೊಡುತ್ತಿದ್ದ. ಮರುವರ್ಷ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ತಮ್ಮ ‘ಜರ್ನಲ್’ಗೆ ಚಿತ್ರಕಾರನನ್ನೇ ಸೆಳೆದುಕೊಂಡರು. ಎರಡು ಪತ್ರಿಕೆಗಳೂ ಆ ಹುಡುಗನಿಗಾಗಿ ಕಚ್ಚಾಡಿದ್ದರಿಂದ ಅವುಗಳ ಶೈಲಿಗೆ ಹಳದಿಯ ಹೆಸರು ಅಂಟಿಕೊಂಡಿತು. 1898ರ ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ ‘ಮೇನ್’ ಎಂಬ ಅಮೆರಿಕನ್ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತಾಗ, ಕಾರಣ ಗೊತ್ತಾಗುವ ಮೊದಲೇ ಈ ಪತ್ರಿಕೆಗಳು ಬರೆದ ತಲೆಬರಹಗಳು ‘ಲೂರಿಡ್’ ಎಂಬುದಕ್ಕೆ ಪಾಠದಂತಿವೆ. ಪದಗಳು ಬೇರೆ, ಅವುಗಳನ್ನು ಬೇಡಿದ ಚಾಳಿ ಒಂದೇ.

ಯಾವ ಯಾವ ನಾಮಪದಗಳ ಜೊತೆ ಇದು ಸಹಜವಾಗಿ ಬರುತ್ತದೆ?

ಎಲ್ಲಕ್ಕಿಂತ ಹೆಚ್ಚಾಗಿ ‘ಡೀಟೇಲ್ಸ್’ ಜೊತೆ. ‘ಲೂರಿಡ್ ಡೀಟೇಲ್ಸ್’ ಎಂಬ ಜೋಡಿ ಇಂಗ್ಲಿಷಿನಲ್ಲಿ ಎಷ್ಟು ಸವೆದಿದೆಯೆಂದರೆ ಎಚ್ಚರದ ಬರಹಗಾರರು ಅದನ್ನು ಈಗ ತುಸು ದೂರವೇ ಇಡುತ್ತಾರೆ. ‘ಹೆಡ್‌ಲೈನ್’, ‘ಸ್ಟೋರಿ’, ‘ಅಕೌಂಟ್’, ‘ಕವರ್’, ‘ರೂಮರ್’, ‘ಅಲಿಗೇಶನ್’ ಇವುಗಳ ಜೊತೆಯೂ ಒಗ್ಗುತ್ತದೆ. ‘ಲೂರಿಡ್ ಪಾಸ್ಟ್’ ಎಂದರೆ ಊರಿನವರು ಬಾಯಿ ಚಪ್ಪರಿಸಿ ಹೇಳಿಕೊಳ್ಳುವಂಥ ಹಿನ್ನೆಲೆ. ‘ಲೂರಿಡ್ ಇಮ್ಯಾಜಿನೇಶನ್’ ಎಂದರೆ ಎಲ್ಲಿಯೂ ಹೆಣವನ್ನೋ ಹಾದರವನ್ನೋ ಕಾಣುವ ಕಲ್ಪನೆ. ಬೆಳಕಿನ ಅರ್ಥದಲ್ಲಿ ‘ಲೈಟ್’, ‘ಸ್ಕೈ’, ‘ಗ್ಲೋ’ ಬರುತ್ತವೆ. ಒಬ್ಬ ಮನುಷ್ಯನನ್ನು ನೇರವಾಗಿ ‘ಲೂರಿಡ್’ ಎಂದು ಕರೆಯುವುದು ಮಾತ್ರ ಇಂಗ್ಲಿಷಿನ ಜಾಯಮಾನಕ್ಕೆ ಒಗ್ಗುವುದಿಲ್ಲ.

ಒಂದು ಘಟನೆಯನ್ನೇ ‘ಲೂರಿಡ್’ ಎನ್ನಬಹುದೇ? ಉದಾಹರಣೆಗೆ, ಒಂದು ಅಪಘಾತವನ್ನು?

ಕನ್ನಡಿಗರು ಇದನ್ನು ಬಳಸುವಾಗ ಹೆಚ್ಚಾಗಿ ಎಡವುವುದು ಇಲ್ಲಿಯೇ, ಆದ್ದರಿಂದ ತುಸು ವಿವರವಾಗಿ ಹೇಳಬೇಕು. ಹೆದ್ದಾರಿಯಲ್ಲಿ ಲಾರಿಯೂ ಟೆಂಪೊವೂ ಡಿಕ್ಕಿಯಾಗಿ ನಾಲ್ವರು ಸತ್ತರೆ ಅದು ಭೀಕರ ಅಪಘಾತ, ‘ಲೂರಿಡ್’ ಅಪಘಾತವಲ್ಲ. ಆ ಅಪಘಾತದ ಬಗ್ಗೆ ಬಂದ ವರದಿ, ತುಂಡಾದ ಕೈಯಲ್ಲಿ ಇನ್ನೂ ಮಿಡಿಯುತ್ತಿದ್ದ ಗಡಿಯಾರವನ್ನೂ, ರಸ್ತೆಯ ಮೇಲೆ ಹರಿದದ್ದು ಎಷ್ಟು ದೂರ ಹರಿಯಿತೆಂಬುದನ್ನೂ, ಮದುವೆ ನಿಶ್ಚಯವಾಗಿದ್ದ ಹುಡುಗಿಯ ಚಪ್ಪಲಿಯನ್ನೂ ಸಾಲುಸಾಲಾಗಿ ಇಟ್ಟು ಓದುಗನ ಉಸಿರು ಹಿಡಿಸಲು ಹವಣಿಸಿದ್ದರೆ ಆ ವರದಿ ‘ಲೂರಿಡ್’. ಈ ವಿಶೇಷಣ ಬೊಟ್ಟು ಮಾಡುವುದು ನಡೆದದ್ದರ ಕಡೆಗಲ್ಲ, ಅದರ ಮೇಲೆ ಬಿಟ್ಟ ಬೆಳಕಿನ ಕಡೆಗೆ. ಲುಕ್ರೀಶಿಯಸನ ಕಾಮಾಲೆ ಕಣ್ಣು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ಹಳದಿ ವಸ್ತುವಿನಲ್ಲಿ ಇಲ್ಲ.

ಹಾಗಾಗಿಯೇ ಇದರಲ್ಲಿ ಯಾವಾಗಲೂ ಒಂದು ಆಕ್ಷೇಪ ಅಡಗಿರುತ್ತದೆ. ‘ಭೀಕರ’ ಎಂದವನು ಯಾರನ್ನೂ ದೂರುವುದಿಲ್ಲ; ‘ಲೂರಿಡ್’ ಎಂದವನು ಹೇಳಿದವನನ್ನು ದೂರುತ್ತಾನೆ, ಬಾಯಿ ಬಿಟ್ಟು ಓದಿದವನನ್ನೂ ಒಂದಿಷ್ಟು ದೂರುತ್ತಾನೆ. ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ, ಒಂದು ನ್ಯಾಯಾಲಯದ ಸುದ್ದಿಯಲ್ಲಿ ವಕೀಲರು ಎದುರು ಪಕ್ಷದ ದೂರನ್ನು ‘ಲೂರಿಡ್ ಅಲಿಗೇಶನ್ಸ್’ ಎಂದು ಕರೆದದ್ದನ್ನು ‘ಭೀಕರ ಆರೋಪಗಳು’ ಎಂದು ಕನ್ನಡಿಸಿದೆ. ಅವರು ಹೇಳಿದ್ದು ‘ಬಣ್ಣ ಕಟ್ಟಿದ ಆರೋಪಗಳು’ ಎಂಬ ಅರ್ಥದಲ್ಲಿ, ಅಂದರೆ ನಂಬಬೇಡಿ ಎಂದು. ನನ್ನ ಕನ್ನಡದಲ್ಲಿ ಅವರೇ ತಮ್ಮ ಕಕ್ಷಿದಾರನ ಮೇಲಿನ ಆರೋಪದ ಗಾಂಭೀರ್ಯವನ್ನು ಒಪ್ಪಿಕೊಂಡಂತೆ ಆಗಿಹೋಯಿತು. ಮರುದಿನ ಬೆಳಗ್ಗೆ ಬಂದ ಫೋನಿನ ವಿಚಾರ ಇಲ್ಲಿ ಬೇಡ.

‘ಗ್ರೂಸಮ್’, ‘ಗ್ರಿಸ್ಲಿ’, ‘ಗಾಸ್ಟ್ಲಿ’, ‘ಮಕಾಬ್’ ಇವುಗಳಿಗಿಂತ ಇದು ಹೇಗೆ ಬೇರೆ?

ಮೊದಲ ಮೂರು ಪದಗಳು ವಸ್ತುವಿಗೇ ಅಂಟುತ್ತವೆ. ಕೊಳೆತ ಹೆಣ ‘ಗ್ರೂಸಮ್’, ‘ಗ್ರಿಸ್ಲಿ’. ರೋಗದಿಂದ ಪ್ರೇತಕಳೆ ಬಂದ ಮುಖ ‘ಗಾಸ್ಟ್ಲಿ’, ಆಡುಮಾತಿನಲ್ಲಿ ಕೆಟ್ಟ ಕಾಫಿಯೂ ‘ಗಾಸ್ಟ್ಲಿ’. ‘ಮಕಾಬ್’ ಸಾವಿನ ಜೊತೆ ಆಟವಾಡುವ ಒಂದು ಬಗೆಯ ಕಪ್ಪು ವಿನೋದದ ಪದ. ಸ್ಮಶಾನದಲ್ಲಿ ಇಸ್ಪೀಟು ಆಡುವವರಿಗೆ ಹೊಂದುತ್ತದೆ. ‘ಗ್ರಾಫಿಕ್’ ಎಂದರೆ ಕಣ್ಣಿಗೆ ಕಟ್ಟುವಂತೆ ವಿವರವಾದದ್ದು ಎಂದಷ್ಟೇ, ಅದರಲ್ಲಿ ನಿಂದೆಯಿಲ್ಲ; ಶವಪರೀಕ್ಷೆಯ ವರದಿ ‘ಗ್ರಾಫಿಕ್’ ಆಗಿರಲೇಬೇಕು, ‘ಲೂರಿಡ್’ ಆಗಬಾರದು. ‘ಸಾರ್ಡಿಡ್’ ಎಂದರೆ ಹೊಲಸು, ನೈತಿಕವಾಗಿ ಕೊಳಕು. ‘ಸೆನ್ಸೇಶನಲ್’ ಇದಕ್ಕೆ ಹತ್ತಿರದ ನೆಂಟ, ಆದರೆ ಒಳ್ಳೆಯ ಸುದ್ದಿಯೂ ‘ಸೆನ್ಸೇಶನಲ್’ ಆಗಬಹುದು, ಕ್ರಿಕೆಟ್ಟಿನ ಗೆಲುವೂ ಆಗಬಹುದು.

ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ಯಾವುದು?

ಒಂದೇ ಪದ ಎಂದು ಹುಡುಕಿದರೆ ‘ಅತಿರಂಜಿತ’ ಎಂಬುದೇ ನನ್ನ ಆಯ್ಕೆ, ಮತ್ತು ಅದಕ್ಕೆ ಕಾರಣವಿದೆ. ರಂಜನೆ ಎಂಬ ಮಾತು ಇಂದು ಮನಸ್ಸನ್ನು ನಲಿಸುವುದು ಎಂಬ ಅರ್ಥದಲ್ಲಿ ನಿಂತಿದ್ದರೂ, ಅದರ ಹಿಂದಿರುವ ಸಂಸ್ಕೃತ ಧಾತುವಿನ ಮೂಲಾರ್ಥ ಬಣ್ಣವೇರುವುದು, ಕೆಂಪಾಗುವುದು. ರಾಗ, ರಕ್ತ, ರಂಗು ಎಲ್ಲವೂ ಅದೇ ಬಳಗ. ಅತಿರಂಜಿತ ಎಂದರೆ ಅತಿಯಾಗಿ ಬಣ್ಣ ಹಾಕಿದ್ದು. ರೋಮಿನಿಂದ ಹೊರಟ ಪದವೂ ನಮ್ಮ ಪದವೂ ಬಣ್ಣದಿಂದ ಹೊರಟು ಉತ್ಪ್ರೇಕ್ಷೆಯ ನಿಂದೆಗೆ ಬಂದು ಸೇರಿವೆ. ಆದರೆ ‘ಅತಿರಂಜಿತ’ದಲ್ಲಿ ಭಯಾನಕದ ಸುಳಿವಿಲ್ಲ, ಚುನಾವಣಾ ಭರವಸೆಯೂ ಅತಿರಂಜಿತವಾಗಬಹುದು. ಸಂದರ್ಭದಲ್ಲಿ ಕೊಲೆಯೋ ಹಗರಣವೋ ಇದ್ದರೆ ಆ ಕೊರತೆ ತಾನೇ ತುಂಬಿಕೊಳ್ಳುತ್ತದೆ.

ಪದಕ್ಕೆ ಪದ ಎಂಬ ಹಟ ಬಿಟ್ಟರೆ ಕನ್ನಡ ಇನ್ನೂ ಚೆನ್ನಾಗಿ ಒದಗಿಬರುತ್ತದೆ. ‘ಬಣ್ಣ ಕಟ್ಟಿ ಹೇಳಿದರು’, ‘ಉಪ್ಪು ಖಾರ ಹಚ್ಚಿ ಬರೆದರು’, ‘ರೆಕ್ಕೆಪುಕ್ಕ ಕಟ್ಟಿದರು’ ಎಂದು ದಿನವೂ ಆಡುವ ಮಾತುಗಳಲ್ಲಿ ದೂರು ಹೇಳುವವನ ಮೇಲೆಯೇ ಬೀಳುತ್ತದೆ. ‘ಲೂರಿಡ್’ ಮಾಡುವ ಕೆಲಸವೂ ಅದೇ. ಆದ್ದರಿಂದ ‘ಪೇಪರಿನವರು ಕೊಲೆಯ ಲೂರಿಡ್ ಡೀಟೇಲ್ಸ್ ಅಚ್ಚುಹಾಕಿದರು’ ಎಂಬ ವಾಕ್ಯವನ್ನು ‘ಪತ್ರಿಕೆಯವರು ಕೊಲೆಯ ಸಂಗತಿಯನ್ನು ಒಂದೊಂದೂ ಬಿಡದೆ ಉಪ್ಪು ಖಾರ ಹಚ್ಚಿ ಬರೆದರು’ ಎಂದು ವಿಶೇಷಣವನ್ನು ಕ್ರಿಯಾಪದಕ್ಕೆ ದಾಟಿಸಿ ಬರೆಯುವುದು ‘ಬೆಚ್ಚಿಬೀಳಿಸುವ ವಿವರಗಳನ್ನು ಮುದ್ರಿಸಿದರು’ ಎನ್ನುವುದಕ್ಕಿಂತ ಎಷ್ಟೋ ಮೇಲು. ಎರಡನೆಯದರಲ್ಲಿ ಪತ್ರಿಕೆ ತನ್ನ ಕರ್ತವ್ಯ ಮಾಡಿದಂತೆ ಕೇಳಿಸುತ್ತದೆ.

ಕಾಮದ ವಿಷಯವಾಗಿದ್ದರೆ ‘ಹಸಿಬಿಸಿ’ ಎಂಬ ಪದ ಸಿದ್ಧವಾಗಿಯೇ ಇದೆ. ‘ರೋಚಕ’ವನ್ನು ಮಾತ್ರ ಇಲ್ಲಿ ಬಳಸಬೇಡಿರೆಂದು ಕೇಳಿಕೊಳ್ಳುತ್ತೇನೆ, ನಮ್ಮ ಸುದ್ದಿವಾಹಿನಿಗಳು ಅದನ್ನು ಹೊಗಳಿಕೆಯಾಗಿ ಬಳಸಿ ಬಳಸಿ ಅದರಲ್ಲಿ ಆಕ್ಷೇಪದ ಹನಿಯೂ ಉಳಿದಿಲ್ಲ.

ನಿಘಂಟುಗಳು ‘ಬೀಭತ್ಸ’ ಎನ್ನುತ್ತವಲ್ಲ, ಅದು ಸರಿಯಲ್ಲವೇ?

ಪೂರ್ತಿ ತಪ್ಪೆನ್ನಲಾರೆ, ಆದರೆ ಗುರಿ ತಪ್ಪುತ್ತದೆ. ರಸಸಿದ್ಧಾಂತದಲ್ಲಿ ಬೀಭತ್ಸದ ಸ್ಥಾಯಿಭಾವ ಜುಗುಪ್ಸೆ. ಜುಗುಪ್ಸೆಯಾದವನು ಮುಖ ತಿರುಗಿಸುತ್ತಾನೆ, ಮೂಗು ಮುಚ್ಚಿಕೊಳ್ಳುತ್ತಾನೆ. ‘ಲೂರಿಡ್’ ಆದದ್ದನ್ನು ಕಂಡವನು ಬೆರಳ ಸಂದಿಯಿಂದ ನೋಡುತ್ತಾನೆ. ಆ ಸೆಳೆತ ಇಲ್ಲವಾದರೆ ಪದವೇ ಇಲ್ಲ. ‘ಬೀಭತ್ಸ’ವನ್ನು ‘ಗ್ರೂಸಮ್’ ಎಂಬುದಕ್ಕೆ ಮೀಸಲಿಟ್ಟರೆ ಎರಡೂ ಪದಗಳಿಗೆ ನ್ಯಾಯ ಸಿಗುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು: ಭರತನ ನಾಟ್ಯಶಾಸ್ತ್ರ ಒಂದೊಂದು ರಸಕ್ಕೂ ಒಂದೊಂದು ಬಣ್ಣವನ್ನು ಹೇಳುತ್ತದೆ. ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ. ಹಳದಿ ಸಂದಿರುವುದು ಅದ್ಭುತಕ್ಕೆ, ಅಂದರೆ ವಿಸ್ಮಯದಿಂದ ಬಾಯಿ ತೆರೆಯುವ ರಸಕ್ಕೆ. ಇದಕ್ಕೂ ಲ್ಯಾಟಿನ್ ಹಳದಿಗೂ ನಂಟಿಲ್ಲ. ಆದರೂ ಈ ಹೊಂದಿಕೆ ನನಗೆ ಪ್ರತಿಸಲವೂ ಖುಷಿ ಕೊಡುತ್ತದೆ.

ಬಣ್ಣಗಳ ಬಗ್ಗೆ ಹೇಳುವಾಗ ‘ಲೂರಿಡ್ ಪಿಂಕ್’ ಎಂದರೆ ಹಳದಿ ಮಿಶ್ರಿತ ಗುಲಾಬಿಯೇ?

ಅಲ್ಲ. ಮೂಲದ ಹಳದಿ ಈಗ ಅಳಿಸಿಹೋಗಿದೆ. ಇಂದು ಯಾವ ಬಣ್ಣವಾದರೂ ಸರಿ, ಅದು ಇರಬೇಕಾದುದಕ್ಕಿಂತ ಹೆಚ್ಚು ಕೂಗುತ್ತಿದ್ದರೆ ಆ ವಿಶೇಷಣ ಸಲ್ಲುತ್ತದೆ: ಜಾತ್ರೆಯ ಬೊಂಬಾಯಿ ಮಿಠಾಯಿಯ ಗುಲಾಬಿ, ಅಗ್ಗದ ಶರಬತ್ತಿನ ಹಸಿರು, ಬಾರಿನ ಟ್ಯೂಬ್‌ಲೈಟಿನ ನೇರಳೆ. ಬಿಳಿಚಿದ ಬಣ್ಣದಿಂದ ಹೊರಟ ಪದ ಅದಕ್ಕೆ ತದ್ವಿರುದ್ಧವಾದ ಢಾಳು ಬಣ್ಣಕ್ಕೆ ಬಂದು ನಿಂತಿದೆ. ಒಂದು ಕಾಲದಲ್ಲಿ ಬಸ್‌ನಿಲ್ದಾಣದ ಅಂಗಡಿಗಳಲ್ಲಿ ದಾರಕ್ಕೆ ಸಿಕ್ಕಿಸಿ ತೂಗುಹಾಕುತ್ತಿದ್ದ ಪತ್ತೇದಾರಿ ಕಾದಂಬರಿಗಳ ಮುಖಪುಟ ನೆನಪಿರುವವರಿಗೆ ಎರಡು ಅರ್ಥಗಳೂ ಒಂದೇ ಕಡೆ ಸಿಗುತ್ತವೆ. ಹಳದಿ ಹಿನ್ನೆಲೆ, ಕಡುಕೆಂಪು ತುಟಿಯ ಹೆಂಗಸು, ಅವಳ ಮುಖದ ಅರ್ಧ ಮಾತ್ರ ಹಸಿರು, ಮೂಲೆಯಲ್ಲಿ ಹೊಗೆಯಾಡುವ ಪಿಸ್ತೂಲು. ಒಳಗಿನ ಕಥೆಯಲ್ಲಿ ಹಲವು ಸಲ ಪಿಸ್ತೂಲೇ ಇರುತ್ತಿರಲಿಲ್ಲ.

ವಿಜ್ಞಾನದಲ್ಲಿ ಈ ಪದ ಬಳಕೆಯಲ್ಲಿದೆಯೇ?

ಇದೆ, ಮತ್ತು ಅಲ್ಲಿ ಹಳೆಯ ಅರ್ಥ ಹಾಗೆಯೇ ಉಳಿದಿದೆ. ಸಸ್ಯವಿವರಣೆಗಳಲ್ಲಿ ‘ಲೂರಿಡ್’ ಎಂದರೆ ಕೊಳಕು ಹಳದಿ-ಕಂದು. 18ನೆಯ ಶತಮಾನದಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಗಿಡಗಳನ್ನು ಸಹಜ ಗಣಗಳಾಗಿ ಗುಂಪುಗೂಡಿಸಿದಾಗ ಮಂಕು ಬಣ್ಣದ, ಅನುಮಾನಾಸ್ಪದ ಗುಣದ ಒಂದು ಗಣಕ್ಕೆ ‘ಲೂರಿಡೇ’ ಎಂದು ಹೆಸರಿಟ್ಟ. ಉಮ್ಮತ್ತಿ, ಹೊಗೆಸೊಪ್ಪು ಅದರಲ್ಲಿದ್ದವು. ನಮ್ಮ ಬದನೆಯ ಕುಲವೂ ಇತ್ತು. ಎಣ್ಣೆಗಾಯಿ ಮಾಡುವವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಿಲ್ಲ.

ಯುರೋಪಿನ ಕಾಡುಗಳಲ್ಲಿ ಒಂದು ಅಣಬೆಯಿದೆ. 1774ರಲ್ಲಿ ಜರ್ಮನಿಯ ಷೇಫರ್ ಅದನ್ನು ‘ಬೊಲೀಟಸ್ ಲೂರಿಡಸ್’ ಎಂದು ಹೆಸರಿಸಿದ. ಮೇಲಿನ ಟೋಪಿ ಮಣ್ಣುಹಸಿರು-ಕಂದು, ಅಡಿಯ ರಂಧ್ರಗಳು ಕಿತ್ತಳೆಗೆಂಪು, ಒಳಗಿನ ತಿರುಳು ಹಳದಿ. ಚಾಕು ತಾಗಿಸಿದರೆ ನೋಡುತ್ತಿರುವಂತೆಯೇ ಆ ಹಳದಿ ಕಡುನೀಲಿಗೆ ತಿರುಗುತ್ತದೆ. ಇಂಗ್ಲಿಷಿನ ಎಲ್ಲ ಅರ್ಥಗಳೂ ಒಂದೇ ಅಣಬೆಯಲ್ಲಿ.

‘ಲೂಸಿಡ್’, ‘ಲಿವಿಡ್’ ಇವುಗಳ ಜೊತೆ ಗೊಂದಲವಾಗುತ್ತದೆ. ನೆನಪಿಡುವುದು ಹೇಗೆ?

ಮೂರೂ ಲ್ಯಾಟಿನ್ನಿನ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಿಶೇಷಣಗಳು, ಆದ್ದರಿಂದ ಗೊಂದಲ ಸಹಜ. ‘ಲೂಸಿಡ್’ ಬೆಳಕಿನ ಪದ: ತಿಳಿಯಾದ, ಸ್ಪಷ್ಟವಾದ. ಇದರ ಮೂಲಧಾತುವೂ ಸಂಸ್ಕೃತದ ‘ರುಚ್’ ಧಾತುವೂ ಒಂದೇ ಮನೆತನದವು. ಹಾಗೆ ನೋಡಿದರೆ ನಮ್ಮ ‘ರೋಚಕ’ ಹುಟ್ಟಿನಿಂದ ‘ಲೂಸಿಡ್’ ಕಡೆಯದು, ಸಹವಾಸದಿಂದ ‘ಲೂರಿಡ್’ ಕಡೆಗೆ ಹೋಗಿದೆ. ‘ಲಿವಿಡ್’ ಏಟು ಬಿದ್ದು ರಕ್ತ ಹೆಪ್ಪುಗಟ್ಟಿದ ಚರ್ಮದ ನೀಲಿಗಪ್ಪು. ಈಗ ಕೆಂಡಾಮಂಡಲ ಸಿಟ್ಟಾದವರಿಗೆ ಹೆಚ್ಚಾಗಿ ಬಳಕೆ. ಮೇಲಧಿಕಾರಿಗೆ ಬರೆದ ಪತ್ರದಲ್ಲಿ ‘ನಿಮ್ಮ ಲೂರಿಡ್ ವಿವರಣೆಗೆ ಧನ್ಯವಾದ’ ಎಂದು ಬರೆದವರೊಬ್ಬರನ್ನು ನಾನು ಬಲ್ಲೆ. ಒಂದಕ್ಷರ ತಪ್ಪಿತು, ಹೊಗಳಿಕೆ ಬೈಗುಳವಾಯಿತು. ಪತ್ರ ಓದಿದ ಅಧಿಕಾರಿ ‘ಲಿವಿಡ್’ ಆದರೆಂದು ಬೇರೆ ಹೇಳಬೇಕಾಗಿಲ್ಲ.

ಇಂಥ ವಿವರಗಳನ್ನು ಪ್ರಕಟಿಸುವುದು ಭಾರತದಲ್ಲಿ ಕಾನೂನುಬಾಹಿರವೇ?

‘ಲೂರಿಡ್’ ಕಾನೂನಿನ ಪದವಲ್ಲ. ಬರವಣಿಗೆ ಢಾಳಾಗಿದೆ ಎಂಬುದೊಂದೇ ಅಪರಾಧವಾಗುವುದಿಲ್ಲ. ಆದರೆ ಢಾಳು ಬರಹದಲ್ಲಿ ಸುಲಭವಾಗಿ ನುಸುಳುವ ಕೆಲವು ವಿವರಗಳಿಗೆ ಕಾನೂನಿನ ತಡೆಯಿದೆ. ಅತ್ಯಾಚಾರ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ದಂಡ ಸಂಹಿತೆಯ 228ಎ ಸೆಕ್ಷನ್ ಪ್ರಕಾರ ಶಿಕ್ಷಾರ್ಹವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ನಿಯಮ 72ನೆಯ ಸೆಕ್ಷನ್ ಆಗಿದ್ದು, ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಮಕ್ಕಳ ವಿಚಾರದಲ್ಲಿ ಪೋಕ್ಸೊ ಕಾಯ್ದೆಯ 23ನೆಯ ಸೆಕ್ಷನ್ ಹೆಸರು, ವಿಳಾಸ, ಭಾವಚಿತ್ರ, ಶಾಲೆ, ನೆರೆಹೊರೆ ಇವುಗಳಲ್ಲಿ ಯಾವುದನ್ನೂ ಮಾಧ್ಯಮಗಳು ಹೊರಗೆಡವಬಾರದೆನ್ನುತ್ತದೆ. ಹೆಸರು ಬರೆಯದೆ ‘ಇಂಥ ಊರಿನ ಇಂಥ ಅಂಗಡಿಯವರ ಹಿರಿಯ ಮಗಳು’ ಎಂದು ಬರೆದರೂ ಗುರುತು ಕೊಟ್ಟಂತೆಯೇ. ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಈ ಪದವನ್ನು ಹೊಗಳಿಕೆಯಾಗಿ ಬಳಸಬಹುದೇ?

ಬಹಳ ಅಪರೂಪ. ಭಯಾನಕ ಸಿನಿಮಾ, ಹಳೆಯ ಅಗ್ಗದ ಕಾದಂಬರಿಗಳನ್ನು ಮನಸಾರೆ ಮೆಚ್ಚುವ ವಿಮರ್ಶಕರು ಕಣ್ಣು ಮಿಟುಕಿಸುತ್ತಾ ‘ಗ್ಲೋರಿಯಸ್ಲಿ ಲೂರಿಡ್’ ಎಂದು ಬರೆಯುವುದುಂಟು. ಅಲ್ಲಿಯೂ ದೋಷವನ್ನು ಒಪ್ಪಿಕೊಂಡೇ ಮೆಚ್ಚುವ ಧಾಟಿಯಿದೆ. ಸಂಜೆ ಮಳೆಯಲ್ಲಿ ರಸ್ತೆಬದಿಯ ಕೆಂಪು ಬಣ್ಣದ ಗೋಬಿಯನ್ನು ಆ ಬಣ್ಣ ಎಲ್ಲಿಂದ ಬಂತೆಂದು ಗೊತ್ತಿದ್ದೂ ಇನ್ನೊಂದು ಪ್ಲೇಟು ಹೇಳಿದಂತೆ.